ಮಾನಸಿಕ ಕಾಯಿಲೆಗಳ ಬೆಳವಣಿಗೆಯಲ್ಲಿ ಪರಿಸರ ಮತ್ತು ಮನಸ್ಸಿನ ಪಾತ್ರ

ಮಾನಸಿಕ ಕಾಯಿಲೆ ಹುಟ್ಟುವುದಕ್ಕೂ ಉಲ್ಬಣಿಸುವುದಕ್ಕೂ ಮರುಕಳಿಸುವುದಕ್ಕೂ ವಂಶದಿಂದ ಬಂದ ಗುಣಗಳಷ್ಟೇ ಕಾರಣವಲ್ಲ. ಗರ್ಭದಲ್ಲಿ ಸಿಕ್ಕ ಪೋಷಣೆ, ಬಾಲ್ಯದ ಆರೈಕೆ, ಮನೆಯೊಳಗಿನ ಸಂಬಂಧಗಳು, ಬಡತನ, ವಲಸೆ, ಹಿಂಸೆ, ವಿಪತ್ತು, ವಿಷವಸ್ತು ಮತ್ತು ಮಾದಕವಸ್ತುಗಳು ಹೊರಗಿನಿಂದ ಪ್ರಭಾವ ಬೀರುತ್ತವೆ. ಈ ಅನುಭವಗಳನ್ನು ವ್ಯಕ್ತಿ ಹೇಗೆ ಅರ್ಥಮಾಡಿಕೊಳ್ಳುತ್ತಾನೆ, ಅವುಗಳಿಂದ ತನ್ನ ಬಗ್ಗೆ ಮತ್ತು ಲೋಕದ ಬಗ್ಗೆ ಏನು ಕಲಿಯುತ್ತಾನೆ ಎಂಬುದು ಒಳಗಿನಿಂದ ಕೆಲಸ ಮಾಡುತ್ತದೆ. ಹೊರಗಿನದನ್ನು ಪರಿಸರದ ಪ್ರಭಾವ ಎಂದೂ ಒಳಗಿನದನ್ನು ಮಾನಸಿಕ ಪ್ರಭಾವ ಎಂದೂ ಕರೆಯುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ ಸುಮಾರು 97 ಕೋಟಿ ಜನ, ಅಂದರೆ ಎಂಟು ಮಂದಿಯಲ್ಲಿ ಒಬ್ಬರು, ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಚಿಕಿತ್ಸೆ ಬೇಕಾದ ತೊಂದರೆ ಇತ್ತೆಂದು ಕಂಡುಕೊಂಡಿತು. ಇಷ್ಟು ದೊಡ್ಡ ಹೊರೆಯಲ್ಲಿ ಪರಿಸರದ ಪಾಲನ್ನು ಬೇರ್ಪಡಿಸಿ ನೋಡಬೇಕಾದುದಕ್ಕೆ ಒಂದು ನೇರ ಕಾರಣವಿದೆ. ಮಾನಸಿಕ ಕಾಯಿಲೆಗೆ ದಾರಿಮಾಡುವ ವಂಶವಾಹಿಗಳನ್ನು ಬದಲಿಸುವುದು ಇಂದಿಗೂ ನಮ್ಮ ಕೈಯಲ್ಲಿಲ್ಲ. ಹಸಿವು, ಹೊಡೆತ, ಒಂಟಿತನ, ಸಾಲ ಇವುಗಳನ್ನು ತಗ್ಗಿಸುವುದು ಸಮಾಜದ ಕೈಯಲ್ಲಿದೆ.

ವಿಚಾರ ಬೆಳೆದ ಬಗೆ

ಚರಕಸಂಹಿತೆ ಉನ್ಮಾದವನ್ನು ದೇಹದ ದೋಷಗಳಿಂದ ಬರುವುದು ಮತ್ತು ಹೊರಗಿನಿಂದ ಬರುವುದು ಎಂದು ವಿಂಗಡಿಸಿತ್ತು. ಒಳಗಿನ ಕಾರಣ, ಹೊರಗಿನ ಕಾರಣ ಎಂಬ ಈ ಪ್ರಶ್ನೆ ಆಧುನಿಕ ವೈದ್ಯದಲ್ಲೂ ಮುಂದುವರಿಯಿತು. 20ನೇ ಶತಮಾನದ ಆರಂಭದಲ್ಲಿ ಅದಕ್ಕೆ ಎರಡು ಸ್ಪಷ್ಟ ಉತ್ತರಗಳು ದೊರೆತವು. ಯುರೋಪು ಮತ್ತು ಅಮೆರಿಕದ ಮಾನಸಿಕ ಆಸ್ಪತ್ರೆಗಳಲ್ಲಿ ತುಂಬಿಕೊಂಡಿದ್ದ ಒಂದು ಬಗೆಯ ಬುದ್ಧಿವಿಕಲತೆ ಮಿದುಳಿಗೆ ಹಬ್ಬಿದ ಸಿಫಿಲಿಸ್ ಸೋಂಕಿನ ಫಲ ಎಂದು ಹಿಡೆಯೊ ನೊಗುಚಿ ಮತ್ತು ಮೂರ್ 1913ರಲ್ಲಿ ತೋರಿಸಿದರು. ಅಮೆರಿಕದ ದಕ್ಷಿಣ ರಾಜ್ಯಗಳ ಬಡವರನ್ನು ಕಾಡುತ್ತಿದ್ದ ಪೆಲಾಗ್ರ, ಅದರ ಜೊತೆಗೆ ಬರುವ ಭ್ರಮೆ ಮತ್ತು ಮರೆವು, ಸೋಂಕಿನಿಂದಲ್ಲ, ಆಹಾರದ ಕೊರತೆಯಿಂದ ಎಂದು ಜೋಸೆಫ್ ಗೋಲ್ಡ್‌ಬರ್ಗರ್ ಸಾಧಿಸಿದರು. ನಿಯಾಸಿನ್ ಎಂಬ ಬಿ ಜೀವಸತ್ವ ಸಿಕ್ಕರೆ ಆ ರೋಗ ಗುಣವಾಗುತ್ತದೆ. ದಖ್ಖನ್ ಪ್ರಸ್ಥಭೂಮಿಯಲ್ಲಿ ಜೋಳವನ್ನೇ ನೆಚ್ಚಿ ಬದುಕುತ್ತಿದ್ದ ಬಡವರಲ್ಲಿ ಇದೇ ರೋಗವನ್ನು ಹೈದರಾಬಾದಿನ ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಮತ್ತು ಸಂಗಡಿಗರು ಅಭ್ಯಾಸ ಮಾಡಿದರು. ಹುಚ್ಚು ಎಂದು ಕೈಚೆಲ್ಲಿದ್ದ ಸ್ಥಿತಿಗೆ ತಟ್ಟೆಯಲ್ಲಿದ್ದ ಆಹಾರವೇ ಕಾರಣವಾಗಿರಬಹುದು ಎಂಬುದು ಇಲ್ಲಿ ನಿಚ್ಚಳವಾಯಿತು.

ಹೊರಗಿನ ಕಾರಣ ಹುಡುಕುವ ಹಂಬಲ ದಾರಿ ತಪ್ಪಿದ್ದೂ ಉಂಟು. 1948ರಲ್ಲಿ ಫ್ರೀಡಾ ಫ್ರಾಮ್-ರೈಖ್‌ಮನ್ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಗೆ ತಾಯಿಯ ನಡವಳಿಕೆಯನ್ನು ಹೊಣೆಯಾಗಿಸಿದರು. ಮಗುವಿನ ಆಟಿಸಂಗೆ ತಾಯಿಯ ತಣ್ಣನೆಯ ಮನಸ್ಸೇ ಕಾರಣ ಎಂಬ ವಾದವನ್ನು 1967ರಲ್ಲಿ ಬ್ರೂನೊ ಬೆಟಲ್‌ಹೈಮ್ ಜನಪ್ರಿಯಗೊಳಿಸಿದರು. ಎರಡೂ ವಾದಗಳು ಸುಳ್ಳೆಂದು ಮುಂದಿನ ಸಂಶೋಧನೆ ಸಾಬೀತುಪಡಿಸಿತು. ಆದರೆ ಅಷ್ಟರಲ್ಲಿ ಒಂದು ತಲೆಮಾರಿನ ತಾಯಂದಿರು ಮಾಡದ ತಪ್ಪಿಗೆ ಕೊರಗಿದ್ದರು. ಕಾರಣ ಹುಡುಕುವುದು ಬೇರೆ, ಒಬ್ಬರ ತಲೆಗೆ ತಪ್ಪು ಕಟ್ಟುವುದು ಬೇರೆ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲ ನೆನಪಿಡಬೇಕಾದ ಪಾಠವಿದು.

1977ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ ದೇಹ, ಮನಸ್ಸು, ಸಮಾಜ ಮೂರನ್ನೂ ಒಟ್ಟಿಗೆ ನೋಡುವ ಚೌಕಟ್ಟನ್ನು ಮುಂದಿಟ್ಟರು. ಇಂದಿನ ಮನೋವೈದ್ಯಕೀಯ ಶಿಕ್ಷಣ ಬಹುಪಾಲು ಅದನ್ನೇ ಆಧರಿಸಿದೆ.

ಒಲವು ಮತ್ತು ಒತ್ತಡ

ಏಕರೂಪಿ ಅವಳಿಗಳ ವಂಶವಾಹಿಗಳು ಬಹುತೇಕ ಒಂದೇ. ಆದರೂ ಅವರಲ್ಲಿ ಒಬ್ಬರಿಗೆ ಸ್ಕಿಜೋಫ್ರೀನಿಯಾ ಬಂದರೆ ಇನ್ನೊಬ್ಬರಿಗೂ ಬರುವ ಸಾಧ್ಯತೆ ಸುಮಾರು ಅರ್ಧದಷ್ಟು ಮಾತ್ರ. ಖಿನ್ನತೆಯಲ್ಲಿ ವಂಶದ ಪಾಲು ಇನ್ನೂ ಕಡಿಮೆ, ಮೂರನೇ ಒಂದಕ್ಕಿಂತ ತುಸು ಹೆಚ್ಚು. ಬೈಪೋಲಾರ್ ಕಾಯಿಲೆಯಲ್ಲಿ ಅದು ಬಹಳ ಹೆಚ್ಚು. ಹೀಗೆ ಕಾಯಿಲೆಯಿಂದ ಕಾಯಿಲೆಗೆ ಲೆಕ್ಕ ಬೇರೆಯಾದರೂ, ವಂಶವೊಂದೇ ಎಲ್ಲವನ್ನೂ ತೀರ್ಮಾನಿಸುವ ಸಾಮಾನ್ಯ ಮಾನಸಿಕ ಕಾಯಿಲೆ ಒಂದೂ ಇಲ್ಲ.

ಕಾಯಿಲೆಯ ಕಡೆಗೆ ಹುಟ್ಟಿನಿಂದ ಬಂದ ಒಲವಿನ ಮೇಲೆ ಬದುಕಿನ ಒತ್ತಡ ಬಿದ್ದಾಗ ಕಾಯಿಲೆ ತಲೆಯೆತ್ತುತ್ತದೆ ಎಂಬುದು ಹೆಚ್ಚಿನವರು ಒಪ್ಪಿರುವ ವಿವರಣೆ. ಒಲವು ಬಲವಾಗಿದ್ದರೆ ಸಣ್ಣ ಒತ್ತಡವೂ ಸಾಕು. ಒಲವು ಕಡಿಮೆಯಿದ್ದವರೂ ಭಾರಿ ಒತ್ತಡಕ್ಕೆ ಕುಸಿಯಬಹುದು. ಫಿನ್ಲೆಂಡಿನಲ್ಲಿ ಪೆಕ್ಕಾ ಟಿಯೆನಾರಿ ನಡೆಸಿದ ದೀರ್ಘ ಅಧ್ಯಯನ ಇದಕ್ಕೆ ಒಳ್ಳೆಯ ಪುರಾವೆ. ಸ್ಕಿಜೋಫ್ರೀನಿಯಾ ಇದ್ದ ತಾಯಂದಿರಿಗೆ ಹುಟ್ಟಿ ಬೇರೆ ಮನೆಗಳಿಗೆ ದತ್ತು ಹೋದ ಮಕ್ಕಳನ್ನು ಅವರು ಹಲವು ವರ್ಷ ಗಮನಿಸಿದರು. ಸಂಬಂಧಗಳು ಕೆಟ್ಟಿದ್ದ ಮನೆಗಳಲ್ಲಿ ಬೆಳೆದವರಲ್ಲಿ ಕಾಯಿಲೆ ಹೆಚ್ಚಾಗಿ ಕಾಣಿಸಿತು. ನೆಮ್ಮದಿಯ ಮನೆಗಳಲ್ಲಿ ಬೆಳೆದವರಲ್ಲಿ ಅದು ಬಹಳ ಕಡಿಮೆಯಿತ್ತು. ವಂಶದ ಒಲವು ಇಲ್ಲದ ದತ್ತುಮಕ್ಕಳ ಮೇಲೆ ಮನೆಯ ವಾತಾವರಣ ಅಷ್ಟು ಪರಿಣಾಮ ಬೀರಲಿಲ್ಲ.

ಒಲವಿಗೆ ಒಂದೇ ಒಂದು ವಂಶವಾಹಿಯನ್ನು ಗುರುತಿಸುವ ಪ್ರಯತ್ನ ಮಾತ್ರ ನಿಲ್ಲಲಿಲ್ಲ. ಸೆರೊಟೊನಿನ್ ಸಾಗಿಸುವ ವಂಶವಾಹಿಯ ಒಂದು ಬಗೆ ಇದ್ದವರು ಕಷ್ಟ ಬಂದಾಗ ಹೆಚ್ಚು ಖಿನ್ನರಾಗುತ್ತಾರೆಂದು ಆವ್‌ಶಲೊಮ್ ಕಾಸ್ಪಿ ತಂಡ 2003ರಲ್ಲಿ ಹೇಳಿದಾಗ ಅದು ದೊಡ್ಡ ಸುದ್ದಿಯಾಯಿತು. ಇನ್ನೂ ದೊಡ್ಡ ಸಂಖ್ಯೆಯ ಜನರ ಮೇಲೆ ಪರೀಕ್ಷಿಸಿದಾಗ ಆ ಸಂಬಂಧ ಮತ್ತೆ ಕಾಣಲಿಲ್ಲ. ಒಲವೆಂಬುದು ನೂರಾರು ವಂಶವಾಹಿಗಳ ಸಣ್ಣ ಸಣ್ಣ ಪಾಲುಗಳಿಂದ ಆದದ್ದು ಎಂಬುದು ಇಂದಿನ ತಿಳಿವಳಿಕೆ.

ಗರ್ಭಕಾಲ ಮತ್ತು ಹೆರಿಗೆ

ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ, ಜರ್ಮನ್ ದಿಗ್ಬಂಧನದಿಂದಾಗಿ ನೆದರ್ಲೆಂಡಿನ ಪಶ್ಚಿಮ ನಗರಗಳಿಗೆ ಆಹಾರ ಬರುವುದು ನಿಂತುಹೋಯಿತು. ಒಬ್ಬರಿಗೆ ಸಿಗುತ್ತಿದ್ದ ಪಡಿತರ ದಿನಕ್ಕೆ ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಕ್ಷಾಮ ತೀವ್ರವಾಗಿದ್ದ ತಿಂಗಳುಗಳಲ್ಲಿ ಗರ್ಭದಲ್ಲಿ ಮೊಳೆತ ಮಕ್ಕಳು ದೊಡ್ಡವರಾದಾಗ ಅವರಲ್ಲಿ ಸ್ಕಿಜೋಫ್ರೀನಿಯಾ ಸುಮಾರು ಎರಡು ಪಟ್ಟು ಹೆಚ್ಚಿರುವುದನ್ನು ಎಜ್ರಾ ಸಸ್ಸರ್ ಮತ್ತು ಸಂಗಡಿಗರು ಗುರುತಿಸಿದರು. 1959–61ರ ಚೀನಾದ ಮಹಾಕ್ಷಾಮದಲ್ಲಿ ಹುಟ್ಟಿದವರ ಬಗ್ಗೆ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಹೆಚ್ಚಳ ಅಷ್ಟೇ ಇತ್ತು. ದೇಶ ಬೇರೆ, ಊಟದ ರೂಢಿ ಬೇರೆ. ಮಿದುಳು ರೂಪುಗೊಳ್ಳುವ ಮೊದಲ ವಾರಗಳಲ್ಲಿ ತಾಯಿ ಉಪವಾಸ ಬಿದ್ದರೆ ಆಗುವ ಹಾನಿ ಮಾತ್ರ ಒಂದೇ.

ಗರ್ಭಿಣಿಗೆ ತಗಲುವ ಕೆಲವು ಸೋಂಕುಗಳು, ಹೆರಿಗೆಯ ವೇಳೆ ಮಗುವಿಗೆ ಆಮ್ಲಜನಕದ ಕೊರತೆ, ತೀರ ಕಡಿಮೆ ತೂಕದ ಹುಟ್ಟು, ಗರ್ಭಿಣಿಯ ಮದ್ಯಪಾನ ಇವೂ ಮುಂದಿನ ತೊಂದರೆಗಳ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಅಯೋಡಿನ್ ಕೊರತೆ ಮಗುವಿನ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಭಾರತ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿ ಉಪ್ಪಿಗೆ ಅಯೋಡಿನ್ ಬೆರೆಸುವ ದಾರಿ ಹಿಡಿಯಿತು. ಮಾನಸಿಕ ಬೆಳವಣಿಗೆಯನ್ನು ಕಾಪಾಡಿದ ಅತಿ ಅಗ್ಗದ ಸಾರ್ವಜನಿಕ ಕ್ರಮಗಳಲ್ಲಿ ಇದೂ ಒಂದು.

ಬಾಲ್ಯ

ಯುದ್ಧಾನಂತರ ಯುರೋಪಿನ ಅನಾಥ ಮಕ್ಕಳ ಸ್ಥಿತಿಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ಜಾನ್ ಬೋಲ್ಬಿ 1951ರಲ್ಲಿ ಬರೆದ ವರದಿ ಬಾಲ್ಯದ ಅಧ್ಯಯನಕ್ಕೆ ಹೊಸ ದಿಕ್ಕು ಕೊಟ್ಟಿತು. ಹಸುಗೂಸಿಗೆ ಹಾಲು, ಬಟ್ಟೆಗಳಷ್ಟೇ ಸಾಲವು. ಅತ್ತಾಗ ಬಂದು ಎತ್ತಿಕೊಳ್ಳುವ, ದಿನವೂ ಅದೇ ಮುಖ ತೋರಿಸುವ ಒಬ್ಬರು ಬೇಕು ಎಂಬುದು ಅದರ ತಿರುಳು. ಆ ಒಬ್ಬರು ತಾಯಿಯೇ ಆಗಬೇಕಿಲ್ಲ, ಅಜ್ಜಿಯೋ ತಂದೆಯೋ ಸಾಕುತಾಯಿಯೋ ಆಗಬಹುದೆಂದು ನಂತರದ ಸಂಶೋಧಕರು ತಿದ್ದಿದರು.

ಈ ಮಾತಿಗೆ ದಾರುಣವಾದ ಸಾಕ್ಷ್ಯ ಬಂದದ್ದು ರೊಮೇನಿಯಾದಿಂದ. 1989ರಲ್ಲಿ ಚೌಷೆಸ್ಕು ಆಡಳಿತ ಉರುಳಿದಾಗ ಅಲ್ಲಿನ ಸರ್ಕಾರಿ ಅನಾಥಾಲಯಗಳಲ್ಲಿ ಸಾವಿರಾರು ಮಕ್ಕಳು ಮಾತನಾಡಿಸುವವರಿಲ್ಲದೆ ತೊಟ್ಟಿಲುಗಳಲ್ಲೇ ದಿನ ದೂಡುತ್ತಿದ್ದುದು ಜಗತ್ತಿಗೆ ತಿಳಿಯಿತು. ಅವರಲ್ಲಿ ಇಂಗ್ಲೆಂಡಿಗೆ ದತ್ತು ಬಂದ ಮಕ್ಕಳನ್ನು ಮೈಕೆಲ್ ರಟರ್ ತಂಡ ವರ್ಷಗಳ ಕಾಲ ಗಮನಿಸಿತು. ಆರು ತಿಂಗಳು ತುಂಬುವ ಮೊದಲೇ ಬಂದವರಲ್ಲಿ ಬಹುತೇಕರು ಚೇತರಿಸಿಕೊಂಡರು. ಅದಕ್ಕಿಂತ ಹೆಚ್ಚು ಕಾಲ ಅಲ್ಲಿ ಉಳಿದವರಲ್ಲಿ ಹಲವರಿಗೆ ಸಂಬಂಧ ಬೆಳೆಸುವ ಮತ್ತು ಗಮನ ನಿಲ್ಲಿಸುವ ತೊಂದರೆಗಳು ದೊಡ್ಡವರಾದ ಮೇಲೂ ಉಳಿದವು. ಬುಖಾರೆಸ್ಟಿನಲ್ಲಿ 2000ದಲ್ಲಿ ಶುರುವಾದ ಇನ್ನೊಂದು ಯೋಜನೆ 136 ಮಕ್ಕಳನ್ನು ಆಯ್ದು, ಚೀಟಿ ಎತ್ತಿದಂತೆ ಅರ್ಧದಷ್ಟು ಮಂದಿಯನ್ನು ತರಬೇತಾದ ಸಾಕುಮನೆಗಳಿಗೆ ಕಳುಹಿಸಿತು. ಮನೆ ಸಿಕ್ಕವರಲ್ಲಿ ಖಿನ್ನತೆ ಮತ್ತು ಆತಂಕ ಕಡಿಮೆಯಾದವು. ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಹೆಚ್ಚು ಲಾಭವಾಯಿತು.

ಸಾಮಾನ್ಯ ಕುಟುಂಬಗಳೂ ಈ ಹಾನಿಯಿಂದ ಹೊರತಲ್ಲ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ ಒಂಬತ್ತು ಸಾವಿರಕ್ಕೂ ಹೆಚ್ಚು ವಯಸ್ಕರ ಬಾಲ್ಯದ ಕಹಿ ಅನುಭವಗಳನ್ನು ಎಣಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಡೆತ, ಲೈಂಗಿಕ ದೌರ್ಜನ್ಯ, ನಿಂದನೆ, ತಾಯಿಯ ಮೇಲಿನ ಹಿಂಸೆಯನ್ನು ಕಣ್ಣಾರೆ ಕಂಡದ್ದು, ಮನೆಯಲ್ಲಿ ಕುಡಿತ, ಮನೆಯವರ ಮಾನಸಿಕ ಕಾಯಿಲೆ ಅಥವಾ ಜೈಲುವಾಸ ಇವು ಆ ಪಟ್ಟಿಯಲ್ಲಿದ್ದವು. ನಾಲ್ಕು ಅಥವಾ ಹೆಚ್ಚು ಬಗೆಯ ಕಹಿ ಉಂಡವರಲ್ಲಿ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ ಇವುಗಳ ಸಾಧ್ಯತೆ ಯಾವುದೂ ಇಲ್ಲದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಿತ್ತು. ಕಹಿಯ ಬಗೆಗಳು ಹೆಚ್ಚಿದಷ್ಟೂ ಹಾನಿಯೂ ಏರುತ್ತ ಹೋಯಿತು.

ಬಾಲ್ಯದ ಅನುಭವ ದೇಹದೊಳಗೆ ಹೇಗೆ ಉಳಿಯುತ್ತದೆ? ಅಪಾಯ ಎದುರಾದಾಗ ಮಿದುಳಿನ ಆಜ್ಞೆಯಂತೆ ಮೂತ್ರಪಿಂಡದ ಮೇಲಿನ ಗ್ರಂಥಿ ಕಾರ್ಟಿಸೋಲ್ ಸ್ರವಿಸುತ್ತದೆ. ಅಪಾಯ ಕಳೆದ ಮೇಲೆ ಅದು ಇಳಿಯಬೇಕು. ಅಪಾಯವೇ ನಿತ್ಯದ ಪಾಡಾದ ಮಗುವಿನಲ್ಲಿ ಈ ವ್ಯವಸ್ಥೆಯ ಹದ ತಪ್ಪುತ್ತದೆ. ಕೆನಡಾದ ಮೈಕೆಲ್ ಮೀನಿ ಇಲಿಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ, ತಾಯಿ ಹೆಚ್ಚು ನೆಕ್ಕಿ ಆರೈಕೆ ಮಾಡಿದ ಮರಿಗಳು ಬೆಳೆದ ಮೇಲೆ ಒತ್ತಡವನ್ನು ಚೆನ್ನಾಗಿ ತಡೆದುಕೊಂಡವು. ಆರೈಕೆಯಿಂದಾಗಿ ವಂಶವಾಹಿಯ ಮೇಲಿನ ರಾಸಾಯನಿಕ ಗುರುತುಗಳೇ ಬದಲಾಗಿದ್ದನ್ನು ಅವರ ತಂಡ 2004ರಲ್ಲಿ ತೋರಿಸಿತು. ಮನುಷ್ಯರಲ್ಲಿ ಈ ಬಗೆಯ ಬದಲಾವಣೆಗಳ ಶೋಧ ಇನ್ನೂ ನಡೆಯುತ್ತಿದೆ.

ಮನಸ್ಸಿನೊಳಗಿನ ದಾರಿಗಳು

ಒಂದೇ ಕಷ್ಟ ಇಬ್ಬರಲ್ಲಿ ಎರಡು ಪರಿಣಾಮ ಉಂಟುಮಾಡುವುದಕ್ಕೆ ವಂಶದ ಜೊತೆಗೆ ಅವರು ಕಲಿತ ಯೋಚನೆಯ ರೀತಿಯೂ ಕಾರಣ. ಖಿನ್ನತೆಯಲ್ಲಿರುವವರು ತಮ್ಮನ್ನು, ಸುತ್ತಲ ಲೋಕವನ್ನು, ಮುಂದಿನ ದಿನಗಳನ್ನು ಮೂರನ್ನೂ ಕತ್ತಲಾಗಿ ಕಾಣುತ್ತಾರೆಂದು ಅಮೆರಿಕದ ಮನೋವೈದ್ಯ ಏರನ್ ಬೆಕ್ ಗುರುತಿಸಿದರು. ಬಾಲ್ಯದಲ್ಲಿ ಮತ್ತೆ ಮತ್ತೆ ನಿಂದನೆಗೊಳಗಾದ ಮಗು ತಾನು ಯಾವುದಕ್ಕೂ ಬಾರದವನು ಎಂದು ನಂಬಿ ಬೆಳೆಯುತ್ತದೆ. ಆ ನಂಬಿಕೆ ವರ್ಷಗಟ್ಟಲೆ ಸುಮ್ಮನಿದ್ದು, ಪರೀಕ್ಷೆಯಲ್ಲಿ ಸೋತಾಗಲೋ ಕೆಲಸ ಹೋದಾಗಲೋ ಮೇಲೇಳುತ್ತದೆ.

ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೈಯರ್ 1967ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ಅನುಭವಿಸಿದ ನಾಯಿಗಳು, ನಂತರ ತಪ್ಪಿಸಿಕೊಳ್ಳುವ ದಾರಿ ಇದ್ದಾಗಲೂ ಪ್ರಯತ್ನಿಸದೆ ಮಲಗಿಬಿಟ್ಟವು. ಏನು ಮಾಡಿದರೂ ಅಷ್ಟೇ ಎಂಬ ಅಸಹಾಯಕತೆ ಮನುಷ್ಯರ ಖಿನ್ನತೆಯ ತಿರುಳಲ್ಲೂ ಇದೆ. ಆತಂಕದ ಕಾಯಿಲೆಗಳಲ್ಲಿ ಹೆದರಿದ್ದನ್ನು ತಪ್ಪಿಸಿಕೊಂಡು ತಿರುಗುವುದೇ ಹೆದರಿಕೆಯನ್ನು ಬೆಳೆಸುತ್ತದೆ; ಎದುರಿಸದ ಕಾರಣ ಅದು ಅಪಾಯವಲ್ಲವೆಂದು ಮನಸ್ಸಿಗೆ ತಿಳಿಯುವ ಸಂದರ್ಭವೇ ಬರುವುದಿಲ್ಲ. ಆದದ್ದನ್ನೇ ಮೆಲುಕು ಹಾಕುತ್ತ ಕೂರುವುದು ಖಿನ್ನತೆಯನ್ನು ದೀರ್ಘವಾಗಿಸುತ್ತದೆ. ಕಲಿತದ್ದನ್ನು ಬೇರೆ ರೀತಿಯಲ್ಲಿ ಕಲಿಯಬಹುದು ಎಂಬುದರ ಮೇಲೆಯೇ ಇಂದಿನ ಮಾತಿನ ಚಿಕಿತ್ಸೆಗಳು ನಿಂತಿವೆ.

ಮನೆ ಮತ್ತು ಸಂಬಂಧಗಳು

ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದ ಮಹಿಳೆಯರನ್ನು ಅಭ್ಯಾಸ ಮಾಡಿ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ 1978ರಲ್ಲಿ ಖಿನ್ನತೆಯ ಸಾಮಾಜಿಕ ಬೇರುಗಳ ಬಗ್ಗೆ ಪುಸ್ತಕ ಹೊರತಂದರು. ಸಾವು, ಅಗಲಿಕೆಯಂಥ ಪೆಟ್ಟು ಬಿದ್ದಾಗ ಎಲ್ಲರೂ ಖಿನ್ನರಾಗುತ್ತಿರಲಿಲ್ಲ. ಹನ್ನೊಂದು ವರ್ಷಕ್ಕೆ ಮೊದಲು ತಾಯಿಯನ್ನು ಕಳೆದುಕೊಂಡವರು, ಮೂರು ಅಥವಾ ಹೆಚ್ಚು ಚಿಕ್ಕ ಮಕ್ಕಳಿದ್ದವರು, ಮನೆಯ ಹೊರಗೆ ದುಡಿಮೆ ಇಲ್ಲದವರು, ಮನಬಿಚ್ಚಿ ಮಾತಾಡಲು ಯಾರೂ ಇಲ್ಲದವರು ಹೆಚ್ಚಾಗಿ ಕುಸಿಯುತ್ತಿದ್ದರು.

ಭಾರತದಲ್ಲಿ ಇದೇ ಚಿತ್ರ ಬೇರೆ ಬಣ್ಣದಲ್ಲಿ ಕಾಣುತ್ತದೆ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ಬಾಣಂತಿಯರ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಇತ್ತು. ಬಡತನ, ಗಂಡನ ಹಿಂಸೆ, ಗಂಡುಮಗು ಬಯಸಿದ ಮನೆಯಲ್ಲಿ ಹೆಣ್ಣು ಹುಟ್ಟಿದ್ದು ಇವು ಅದರ ಜೊತೆ ಹೆಣೆದುಕೊಂಡಿದ್ದವು. ಬಾಣಂತನದ ಖಿನ್ನತೆಯಲ್ಲಿ ಹಾರ್ಮೋನುಗಳ ಏರಿಳಿತಕ್ಕೂ ಪಾಲುಂಟು. ಆದರೆ ಹೆತ್ತವಳನ್ನು ಮನೆಯವರು ನಡೆಸಿಕೊಳ್ಳುವ ರೀತಿಯನ್ನು ಆ ವಿವರಣೆಯ ಹಿಂದೆ ಮರೆಮಾಚಲಾಗದು.

ಆಸ್ಪತ್ರೆಯಿಂದ ಮನೆಗೆ ಮರಳಿದ ಸ್ಕಿಜೋಫ್ರೀನಿಯಾ ರೋಗಿಯನ್ನು ಸದಾ ಟೀಕಿಸುವ, ಹಂಗಿಸುವ, ಅಥವಾ ಅತಿಯಾಗಿ ಕಾಯುವ ಮನೆಗಳಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ. 1976ರಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಪ್ರಕಟಿಸಿದ ಲೆಕ್ಕದಲ್ಲಿ ಅಂಥ ಮನೆಗಳ ಅರ್ಧದಷ್ಟು ರೋಗಿಗಳು ಒಂಬತ್ತು ತಿಂಗಳೊಳಗೆ ಮತ್ತೆ ಹಾಸಿಗೆ ಹಿಡಿದಿದ್ದರು. ಶಾಂತವಾದ ಮನೆಗಳಲ್ಲಿ ಈ ಪ್ರಮಾಣ ಶೇ. 13 ಮಾತ್ರ. ಚಂಡೀಗಢದಲ್ಲಿ ಎನ್. ಎನ್. ವಿಗ್ ಅವರೊಡನೆ ಲೆಫ್ ನಡೆಸಿದ ಅಧ್ಯಯನದಲ್ಲಿ ಇಂಥ ಟೀಕೆಯ ಮನೆಗಳು ಲಂಡನ್ನಿಗಿಂತ ಬಹಳ ಕಡಿಮೆ ಕಂಡವು. ಇದರಿಂದ ಕಾಯಿಲೆಗೆ ಮನೆಯೇ ಕಾರಣವೆಂದು ಆಗುವುದಿಲ್ಲ. ವರ್ಷಗಟ್ಟಲೆ ಆರೈಕೆ ಮಾಡಿ ದಣಿದವರ ಬಾಯಲ್ಲಿ ಟೀಕೆ ಬರುವುದು ಸಹಜ. ಕಾಯಿಲೆಯ ಬಗ್ಗೆ ತಿಳಿಸಿ ಮನೆಯವರಿಗೆ ಆಸರೆ ಕೊಟ್ಟರೆ ಮರುಕಳಿಕೆ ತಗ್ಗುತ್ತದೆ ಎಂಬುದು ಚಿಕಿತ್ಸೆಯ ಅನುಭವದಿಂದ ಸಾಬೀತಾಗಿದೆ.

ಬಡತನ, ನಗರ, ವಲಸೆ

ರಾಬರ್ಟ್ ಫಾರಿಸ್ ಮತ್ತು ವಾರೆನ್ ಡನ್‌ಹ್ಯಾಮ್ 1939ರಲ್ಲಿ ಶಿಕಾಗೊ ನಗರದ ಮಾನಸಿಕ ರೋಗಿಗಳ ವಿಳಾಸಗಳನ್ನು ನಕ್ಷೆಯ ಮೇಲೆ ಗುರುತಿಸಿದಾಗ, ಸ್ಕಿಜೋಫ್ರೀನಿಯಾ ನಗರದ ನಡುವಿನ ಬಡ ಕೇರಿಗಳಲ್ಲಿ ದಟ್ಟವಾಗಿತ್ತು. ಬಡತನದಿಂದ ಕಾಯಿಲೆಯೋ, ಕಾಯಿಲೆಯಿಂದ ಬಡತನವೋ ಎಂಬ ಚರ್ಚೆ ಅಲ್ಲಿಂದ ಬಹುಕಾಲ ನಡೆಯಿತು. ಎರಡೂ ನಿಜ. ದುಡಿಯಲಾಗದವರು ಬಡವರಾಗುತ್ತಾರೆ, ಬಡತನ ತಾನೇ ಮನಸ್ಸನ್ನು ಕೆಡಿಸುತ್ತದೆ.

ಎರಡನೆಯದನ್ನು ತೋರಿಸಿದ್ದು ಉತ್ತರ ಕೆರೊಲಿನಾದ ಬೆಟ್ಟಸೀಮೆಯಲ್ಲಿ ಜೇನ್ ಕಾಸ್ಟೆಲ್ಲೊ ನಡೆಸುತ್ತಿದ್ದ ಮಕ್ಕಳ ಅಧ್ಯಯನ. ಅಧ್ಯಯನ ನಡೆಯುತ್ತಿದ್ದಾಗಲೇ ಅಲ್ಲಿನ ಚೆರೊಕಿ ಮೂಲನಿವಾಸಿಗಳ ಭೂಮಿಯಲ್ಲಿ ಕ್ಯಾಸಿನೊ ತೆರೆದು, ಅದರ ಲಾಭದ ಪಾಲು ಪ್ರತಿ ಕುಟುಂಬಕ್ಕೂ ಬರತೊಡಗಿತು. ಬಡತನದಿಂದ ಮೇಲೆ ಬಂದ ಕುಟುಂಬಗಳ ಮಕ್ಕಳಲ್ಲಿ ಜಗಳ, ಹಟ, ಕಳ್ಳತನದಂಥ ನಡವಳಿಕೆಯ ತೊಂದರೆಗಳು ಬಡತನ ಕಾಣದ ಮಕ್ಕಳ ಮಟ್ಟಕ್ಕೆ ಇಳಿದವು ಎಂದು 2003ರಲ್ಲಿ ವರದಿಯಾಯಿತು. ಮಕ್ಕಳ ಮೇಲೆ ಕಣ್ಣಿಡಲು ತಂದೆತಾಯಿಗೆ ಸಮಯ ಸಿಕ್ಕಿದ್ದು ಇದಕ್ಕೆ ಮುಖ್ಯ ಕಾರಣವಾಗಿತ್ತು. ಆತಂಕ ಮತ್ತು ಖಿನ್ನತೆ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ.

ಊರು ಬಿಟ್ಟು ಹೋಗುವುದೂ ಒಂದು ಹೊರೆ. ಅಮೆರಿಕದ ಮಿನ್ನೆಸೊಟಾಕ್ಕೆ ವಲಸೆ ಹೋದ ನಾರ್ವೆಯವರಲ್ಲಿ ಸ್ಕಿಜೋಫ್ರೀನಿಯಾ ಹೆಚ್ಚಿರುವುದನ್ನು ಓರ್ನುಲ್ಫ್ ಓಡೆಗಾರ್ಡ್ 1932ರಲ್ಲೇ ದಾಖಲಿಸಿದರು. ಬ್ರಿಟನ್ನಿನ ಕೆರಿಬಿಯನ್ ಮೂಲದವರಲ್ಲಿ ವಲಸಿಗರ ಮಕ್ಕಳಿಗೂ ಈ ಅಪಾಯ ಇರುವುದರಿಂದ, ದುರ್ಬಲ ಮನಸ್ಸಿನವರೇ ವಲಸೆ ಹೋಗುತ್ತಾರೆಂಬ ವಾದ ನಿಲ್ಲುವುದಿಲ್ಲ. ತಮ್ಮವರು ಹೆಚ್ಚಿರುವ ಕೇರಿಯಲ್ಲಿ ನೆಲೆಸಿದವರಿಗೆ ಅಪಾಯ ಕಡಿಮೆ. ಆದ್ದರಿಂದ ಹಾನಿ ಮಾಡುವುದು ದೂರದ ಪ್ರಯಾಣಕ್ಕಿಂತ ಹೆಚ್ಚಾಗಿ ಹೊರಗಿನವರಾಗಿ ಉಳಿಯುವ ಸ್ಥಿತಿ. ನಗರದ ಮಾತಿಗೆ ಬಂದರೆ, ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲೂ ಮಾನಸಿಕ ಕಾಯಿಲೆಗಳು ಹೆಚ್ಚು ಕಂಡದ್ದು ಮಹಾನಗರಗಳಲ್ಲಿ.

ಆಘಾತ, ವಿಷ ಮತ್ತು ಮಾದಕವಸ್ತು

ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸಂಕಟ ಕಂಡ ಮೇಲೆ ಅಮೆರಿಕದ ಮನೋವೈದ್ಯರು 1980ರಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಯನ್ನು ತಮ್ಮ ಅಧಿಕೃತ ಪಟ್ಟಿಗೆ ಸೇರಿಸಿದರು. ಭಾರತದಲ್ಲಿ 1984ರ ಭೋಪಾಲ್ ಅನಿಲ ದುರಂತದ ನಂತರ, ಬದುಕುಳಿದವರ ಮನಸ್ಸಿನ ಗಾಯಕ್ಕೂ ಚಿಕಿತ್ಸೆ ಬೇಕೆಂಬುದು ಮುನ್ನೆಲೆಗೆ ಬಂತು. ನಿಮ್ಹಾನ್ಸ್‌ನ ಆರ್. ಶ್ರೀನಿವಾಸ ಮೂರ್ತಿ ಆ ಕೆಲಸದಲ್ಲಿ ತೊಡಗಿದವರಲ್ಲಿ ಪ್ರಮುಖರು. ಕೋವಿಡ್ ಪಿಡುಗಿನ ಮೊದಲ ವರ್ಷ ಜಗತ್ತಿನಲ್ಲಿ ಆತಂಕ ಮತ್ತು ಖಿನ್ನತೆ ಸುಮಾರು ಶೇ. 25ರಷ್ಟು ಏರಿದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಪೆಟ್ರೋಲು ಮತ್ತು ಬಣ್ಣಗಳಿಂದ ದೇಹ ಸೇರುವ ಸೀಸ ಮಕ್ಕಳ ಬುದ್ಧಿ ಮತ್ತು ಗಮನವನ್ನು ಕುಗ್ಗಿಸುತ್ತದೆ. ಭಾರತ 2000ದಲ್ಲಿ ಸೀಸದ ಪೆಟ್ರೋಲನ್ನು ಕೈಬಿಟ್ಟಿತು. ಸೇನೆಗೆ ಸೇರಿದ 45,000ಕ್ಕೂ ಹೆಚ್ಚು ಸ್ವೀಡನ್ ಯುವಕರನ್ನು ಗಮನಿಸಿದ 1987ರ ವರದಿಯಲ್ಲಿ, ಗಾಂಜಾವನ್ನು ಹೆಚ್ಚಾಗಿ ಸೇದುತ್ತಿದ್ದವರಲ್ಲಿ ಸ್ಕಿಜೋಫ್ರೀನಿಯಾದ ಅಪಾಯ ಆರು ಪಟ್ಟು ಇತ್ತು. ಹದಿಹರೆಯದಲ್ಲಿ ಮಿದುಳು ಇನ್ನೂ ಬಲಿಯುತ್ತಿರುವುದರಿಂದ ಆ ವಯಸ್ಸಿನ ಗಾಂಜಾ, ಮದ್ಯ ಹೆಚ್ಚು ಅಪಾಯಕಾರಿ.

ಕರ್ನಾಟಕದ ಕೊಡುಗೆ

ಸಮಾಜದ ಬದಲಾವಣೆ ಮನಸ್ಸಿನ ಮೇಲೆ ಏನು ಮಾಡುತ್ತದೆಂದು ಹಳ್ಳಿಯೊಂದರಲ್ಲಿ ಕುಳಿತು ನೋಡಿದ ಭಾರತದ ಮೊದಮೊದಲ ಅಧ್ಯಯನಗಳಲ್ಲಿ ಒಂದು ನಡೆದದ್ದು ಕರಾವಳಿಯ ಕೋಟದಲ್ಲಿ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅಲ್ಲಿನ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮನೆಮನೆಗೂ ಹೋಗಿ ಮಾತಾಡಿಸಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ಅಳಿಯಸಂತಾನದ ಪದ್ಧತಿ ಸಡಿಲಗೊಂಡು ಕುಟುಂಬದ ರಚನೆ ಬದಲಾಗುತ್ತಿದ್ದ ಕಾಲವದು. ಸ್ಥಳೀಯರು ತಮ್ಮ ಸಂಕಟವನ್ನು ಯಾವ ಮಾತಿನಲ್ಲಿ ಹೇಳುತ್ತಾರೆ, ವೈದ್ಯರ ಬಳಿ ಹೋಗುವವರಾರು, ಮಂತ್ರವಾದಿಗಳ ಬಳಿ ಹೋಗುವವರಾರು ಎಂಬುದನ್ನೂ ಅವರು ದಾಖಲಿಸಿದರು. ಮುಂದೆ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗಳಿಗೆ ತಲುಪಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ತಡೆದು ನಿಲ್ಲಿಸುವ ಶಕ್ತಿಗಳು

ಅಪಾಯವೆಂದರೆ ವಿಧಿಯಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ನಡುವಯಸ್ಸಿನವರೆಗೂ ಗಮನಿಸಿದರು. ಬಡತನ, ಮನೆಯ ಜಗಳ, ಹೆರಿಗೆಯ ತೊಂದರೆ ಎಲ್ಲವನ್ನೂ ಎದುರಿಸಿದ ಮಕ್ಕಳಲ್ಲಿ ಮೂರನೇ ಒಂದರಷ್ಟು ಮಂದಿ ಆತ್ಮವಿಶ್ವಾಸವುಳ್ಳ, ಸಮರ್ಥ ವಯಸ್ಕರಾಗಿ ಬೆಳೆದರು. ತನ್ನನ್ನು ನಂಬುವ ಒಬ್ಬ ಹಿರಿಯರಾದರೂ ಇದ್ದದ್ದು ಅವರಲ್ಲಿ ಬಹುತೇಕರಿಗೆ ಸಿಕ್ಕ ಆಸರೆ.

ಸಮಾಜ ಮನಸ್ಸು ಮಾಡಿದರೆ ಆಸರೆಯನ್ನು ಕಟ್ಟಿಯೂ ಕೊಡಬಹುದು. ಪಾಕಿಸ್ತಾನದ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರೇ ತರಬೇತಿ ಪಡೆದು ಖಿನ್ನತೆಯಿದ್ದ ತಾಯಂದಿರನ್ನು ಮನೆಗೆ ಹೋಗಿ ಮಾತಾಡಿಸಿದರು. ಹೆರಿಗೆಯಾಗಿ ಆರು ತಿಂಗಳಾಗುವ ಹೊತ್ತಿಗೆ ಅವರಲ್ಲಿ ಶೇ. 23 ಮಂದಿಯಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಆ ಚಿಕಿತ್ಸೆ ಸಿಗದವರಲ್ಲಿ ಅದು ಶೇ. 53. ಅತೀಫ್ ರಹಮಾನ್ ತಂಡ 2008ರಲ್ಲಿ ಪ್ರಕಟಿಸಿದ ಈ ಫಲಿತಾಂಶ ಆಶಾ ಕಾರ್ಯಕರ್ತೆಯರಿರುವ ನಮ್ಮ ಹಳ್ಳಿಗಳಿಗೂ ಹೊಂದುತ್ತದೆ. ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಶ್ರೀಲಂಕಾದಲ್ಲಿ 1995ರ ನಂತರದ ಹತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದು ಪರಿಗಣಿಸಿ, ಅವರಿಗೆ ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಕನ್ನಡದಲ್ಲೂ ಉಚಿತವಾಗಿ ಸಿಗುತ್ತದೆ.

ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು ಹದಿನಾಲ್ಕು ವರ್ಷದೊಳಗೇ ಮೊದಲ ಲಕ್ಷಣ ತೋರಿಸುತ್ತವೆ. ಆದ್ದರಿಂದ ತಡೆಯ ಕೆಲಸ ಮಾನಸಿಕ ಆಸ್ಪತ್ರೆಗಿಂತ ಬಹಳ ಮೊದಲೇ ಶುರುವಾಗಬೇಕು. ಗರ್ಭಿಣಿಯ ಊಟ, ಅಂಗನವಾಡಿ, ಹೊಡೆತವಿಲ್ಲದ ಶಾಲೆ, ಕುಡಿತದಿಂದ ಮುಕ್ತವಾದ ಮನೆ, ಸಾಲದ ಕುಣಿಕೆ ಇಲ್ಲದ ಕೃಷಿ ಇವೆಲ್ಲ ಮಾನಸಿಕ ಆರೋಗ್ಯದ ಕಾರ್ಯಕ್ರಮಗಳೇ. ಇವುಗಳಿಗೆ ಮಾಡುವ ಖರ್ಚನ್ನು ಆ ಲೆಕ್ಕದಲ್ಲಿ ನೋಡಲು ಕಲಿತ ಸಮಾಜ ತನ್ನ ಮಕ್ಕಳ ಮನಸ್ಸನ್ನು ಹೆಚ್ಚು ಚೆನ್ನಾಗಿ ಕಾಪಾಡಿಕೊಳ್ಳಬಲ್ಲದು.